ಬಾಲಮಂದಿರದ ಹುಡುಗನಿಗೆ ಬರೆದಿಟ್ಟ ಟಿಸಿ: ಒಂದು ಪ್ರಕರಣ ಅಧ್ಯಯನ

ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ 8ನೇ ತರಗತಿ ಓದುತ್ತಿದ್ದ ಹುಡುಗನಿಗೆ ಶಾಲೆಯವರು ಟಿಸಿ ಬರೆದಿಟ್ಟಿದ್ದರು. ಶಾಲೆ ಬಿಡಲು ಕಾರಣ ಎಂಬಲ್ಲಿ ‘ಪೋಷಕರ ಕೋರಿಕೆಯ ಮೇರೆಗೆ’ ಎಂದಿತ್ತು. ಹುಡುಗನ ಅಪ್ಪ ತೀರಿಕೊಂಡು ವರ್ಷಗಳಾಗಿದ್ದವು. ತಾಯಿ ಎಲ್ಲಿದ್ದಾಳೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಕೋರಿಕೆ ಪತ್ರಕ್ಕೆ ಸಹಿ ಹಾಕಿದ್ದವರು ಅವನಿದ್ದ ಸರ್ಕಾರಿ ಬಾಲಮಂದಿರದ, ಅಂದರೆ ನೆಲೆಯಿಲ್ಲದ ಮಕ್ಕಳ ವಸತಿಗೃಹದ, ಅಧೀಕ್ಷಕರು. ಹಾಗೊಂದು ಪತ್ರ ಕೊಡಿ ಎಂದು ಅವರಿಗೆ ಫೋನ್ ಮಾಡಿದ್ದು ಶಾಲೆಯೇ.

ಆಸರೆ ಬೇಕಾದ ಮಕ್ಕಳ ವಿಷಯ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಗೆ ಈ ಬಗ್ಗೆ ವರದಿ ಬರೆದುಕೊಡುವ ಕೆಲಸ ನನಗೆ ಬಂದಿದ್ದರಿಂದ ಎರಡೂ ಕಡೆಯವರ ಜೊತೆ ಕೂತು ಮಾತಾಡಲು ಸಾಧ್ಯವಾಯಿತು. ಬಾಲ ನ್ಯಾಯ ಕಾಯ್ದೆ 2015ರ 74ನೇ ಸೆಕ್ಷನ್ ಪ್ರಕಾರ ಇಂಥ ಮಕ್ಕಳ ಗುರುತು ಸಿಗುವಂತೆ ಏನನ್ನೂ ಪ್ರಕಟಿಸುವಂತಿಲ್ಲ. ಹಾಗಾಗಿ ಹೆಸರು, ಊರು, ಶಾಲೆ ಯಾವುದೂ ಇಲ್ಲಿಲ್ಲ. ಕೆಲವು ವಿವರಗಳನ್ನು ಬದಲಿಸಿದ್ದೇನೆ. ‘ಬಾಲಕ ಎ’ ಎಂದೆಲ್ಲ ಬರೆಯುವುದು ನನಗೆ ಹಿಡಿಸುವುದಿಲ್ಲ, ಹುಡುಗ ಅಂತಲೇ ಕರೆಯುತ್ತೇನೆ.

ಹುಡುಗ ಎಲ್ಲಿಂದ ಬಂದ

ಯಾದಗಿರಿ ಕಡೆಯ ಕುಟುಂಬ. ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೆ ಗುಳೆ ಹೋಗುವುದು, ಕಟ್ಟಡ ಕೆಲಸ, ಸೈಟಿನಲ್ಲೇ ತಗಡಿನ ಶೆಡ್ಡು. ಒಂದು ಕಟ್ಟಡ ಮುಗಿದರೆ ಶೆಡ್ಡು ಕಿತ್ತು ಮತ್ತೊಂದು ಸೈಟಿಗೆ. ಊರಿನ ಶಾಲೆಯಲ್ಲಿ ಮೂರನೇ ಕ್ಲಾಸಿನವರೆಗೆ ಕೂತಿದ್ದ ಹುಡುಗ ಆಮೇಲೆ ಎಲ್ಲೂ ಕೂತಿಲ್ಲ. ಅಪ್ಪ ಹೋದ ಮೇಲೆ ತಾಯಿ ಕೆಲಸ ಹುಡುಕಿಕೊಂಡು ಸೈಟಿಂದ ಸೈಟಿಗೆ ಅಲೆದಳು. ಹನ್ನೊಂದರ ವಯಸ್ಸಿಗೆ ಇವನು ಒಂದು ಹೋಟೆಲಿನಲ್ಲಿ ಲೋಟ ತೊಳೆಯುವುದಕ್ಕೆ ಸೇರಿ, ಅಲ್ಲಿಂದ ಓಡಿ, ಬಸ್ ಸ್ಟ್ಯಾಂಡು, ರೈಲು ನಿಲ್ದಾಣ ಅಂತ ಎರಡು ವರ್ಷ ಕಳೆದಿದ್ದಾನೆ. ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದ್ದರಿಂದ ಸಮಿತಿಯ ಮುಂದೆ ಬಂದ. ಮನೆಯಾಗಲಿ ನೆಲೆಯಾಗಲಿ ಇಲ್ಲದ ಮಗು ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗು ಎಂದು ಕಾಯ್ದೆಯ 2(14) ಹೇಳುತ್ತದೆ. ಅದರಡಿ ಬಾಲಮಂದಿರ ಸೇರಿದ.

ವಯಸ್ಸು ಎಷ್ಟು ಎಂಬ ಪ್ರಶ್ನೆ ಬಂತು. 94ನೇ ಸೆಕ್ಷನ್ ಪ್ರಕಾರ ಮೊದಲು ನೋಡಬೇಕಾದ್ದು ಶಾಲೆಯ ದಾಖಲೆ; ಅದಿಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ಜನನ ಪ್ರಮಾಣಪತ್ರ; ಎರಡೂ ಇಲ್ಲವಾದರೆ ಮಾತ್ರ ಮೂಳೆ ಪರೀಕ್ಷೆ. ಊರಿನ ಶಾಲೆಯ ದಾಖಲಾತಿ ವಹಿಯಲ್ಲಿ ಇವನ ಹೆಸರು ಸಿಕ್ಕಿತು. ಅಲ್ಲಿನ ಮೇಷ್ಟ್ರು ಆ ಪುಟದ ಜೆರಾಕ್ಸ್ ಕಳಿಸಿದರು. ಅದರ ಪ್ರಕಾರ ಹದಿಮೂರು ದಾಟಿತ್ತು. ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) 2009ರ 4ನೇ ಸೆಕ್ಷನ್ ಹೇಳುವಂತೆ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿದರು, 7ನೇ ತರಗತಿಗೆ. ಉಳಿದ ಮಕ್ಕಳ ಸಮಕ್ಕೆ ಬರಲು ವಿಶೇಷ ತರಬೇತಿ ಕೊಡಬೇಕೆಂದು ಅದೇ ಸೆಕ್ಷನ್ ಹೇಳುತ್ತದೆ. ಇವನಿಗೆ ಸಿಕ್ಕಿದ್ದು ಸಂಜೆ ಬಾಲಮಂದಿರಕ್ಕೆ ಬರುವ ಒಬ್ಬ ಟ್ಯೂಷನ್ ಮೇಷ್ಟ್ರು. ಎಲ್ಲ ತರಗತಿಗೂ ಅವರೊಬ್ಬರೇ.

ಮಾರನೇ ವರ್ಷ 8ನೇ ತರಗತಿಗೆಂದು ಪಕ್ಕದ ಪ್ರೌಢಶಾಲೆಗೆ ಹೋದ. ಶಾಲೆಯ ಶಿಸ್ತು ಪುಸ್ತಕದಲ್ಲಿ ಗಲಾಟೆಗೆ ಮೊದಲೇ ಇವನ ಹೆಸರು ನಾಲ್ಕೈದು ಕಡೆ ಇತ್ತು. ತಡವಾಗಿ ಬಂದ, ಹೋಂವರ್ಕ್ ಇಲ್ಲ, ಡೈರಿಗೆ ಸಹಿ ಇಲ್ಲ. ತಡವಾಗುತ್ತಿದ್ದುದು ಬಾಲಮಂದಿರದಲ್ಲಿ ತಿಂಡಿ ತಡವಾದ ದಿನ. ಆ ದಿನಗಳಲ್ಲಿ ಅಲ್ಲಿನ ಇಪ್ಪತ್ತಕ್ಕೂ ಹೆಚ್ಚು ಮಕ್ಕಳೂ ತಡವೇ. ಡೈರಿಗೆ ಸಹಿ ಹಾಕಬೇಕಾದ ಕೇರ್‌ಟೇಕರ್ ರಾತ್ರಿ ಪಾಳಿಯವರು, ಬೆಳಿಗ್ಗೆ ಮಕ್ಕಳು ಹೊರಡುವ ಹೊತ್ತಿಗೆ ಡ್ಯೂಟಿ ಮುಗಿಸಿ ಹೋಗಿರುತ್ತಿದ್ದರು. ‘ಮನೆಯವರನ್ನ ಕರ್ಕೊಂಡು ಬಾ, ಆಮೇಲೆ ಒಳಗೆ ಕೂರಿಸ್ಕೋತೀನಿ’ ಎಂದು ಕ್ಲಾಸ್ ಟೀಚರ್ ಎರಡು ಸಲ ಹೊರಗೆ ನಿಲ್ಲಿಸಿದ್ದರು. ಎಲ್ಲ ಮಕ್ಕಳಿಗೂ ಹೇಳುವ ಮಾತೇ ಅದು, ಅವರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಬೇರೆಯವರ ಅಮ್ಮ ಮಾರನೇ ದಿನ ಬಂದು ಎರಡು ಮಾತು ಕೇಳಿಸಿಕೊಂಡು, ಮಗನ ತಲೆಗೊಂದು ಮೊಟಕಿ ಹೋಗುತ್ತಾಳೆ, ಅಲ್ಲಿಗೆ ವಿಷಯ ಮುಗಿಯುತ್ತದೆ. ಇವನ ವಿಷಯ ಮುಗಿಯುತ್ತಲೇ ಇರಲಿಲ್ಲ, ಪುಸ್ತಕದಲ್ಲಿ ಉಳಿದುಕೊಳ್ಳುತ್ತಿತ್ತು.

ಪ್ರವಾಸದ ದುಡ್ಡು

ಜನವರಿಯಲ್ಲಿ ಶಾಲೆಯ ಪ್ರವಾಸ. ಕ್ಲಾಸ್ ಮಾನಿಟರ್ ಕೂಡಿಸಿದ ದುಡ್ಡಿನಲ್ಲಿ ಒಂದು ಸಾವಿರ ರೂಪಾಯಿ ಕಡಿಮೆ ಬಂತು. ಬಾಲಮಂದಿರದ ಮಕ್ಕಳು ಪ್ರವಾಸಕ್ಕೆ ಹೊರಟಿರಲಿಲ್ಲ. ಇಲಾಖೆಯ ಅನುಮತಿ ತರುವುದರೊಳಗೆ ಪ್ರವಾಸವೇ ಮುಗಿದಿರುತ್ತದೆ. ದುಡ್ಡು ಕೊಡದವರು ಇವರೇ ಆದ್ದರಿಂದ ಎಲ್ಲರ ಕಣ್ಣು ಮೊದಲು ಇವರ ಮೇಲೆ ಹೋಯಿತು.

‘ಬಾಲಮಂದಿರದೋರು ಮೂರೂ ಜನ ಎದ್ದು ನಿಂತ್ಕೊಳ್ಳಿ. ಬ್ಯಾಗ್ ತೆಗೀರಿ’ ಎಂದರು ಪಿ.ಟಿ. ಮೇಷ್ಟ್ರು. ಇಬ್ಬರು ತೆಗೆದು ತೋರಿಸಿದರು. ಇವನು ಚೀಲ ಎದೆಗೆ ಅವಚಿಕೊಂಡು ಗೋಡೆಗೆ ಒರಗಿ ನಿಂತ. ‘ನನ್ ಚೀಲ ಮುಟ್ಟಬ್ಯಾಡ್ರೀ.’ ಮೇಷ್ಟ್ರು ಎಳೆದರು, ಇವನು ಬಿಡಲಿಲ್ಲ. ಇನ್ನೊಮ್ಮೆ ಎಳೆದಾಗ ಇವನು ಅವರನ್ನು ತಳ್ಳಿದ. ಮೇಷ್ಟ್ರ ಮೊಣಕೈ ಕಿಟಕಿಯ ಗಾಜಿಗೆ ಬಡಿದು ಗಾಜು ಒಡೆಯಿತು. ಮೂರು ಹೊಲಿಗೆ ಬಿತ್ತು. ಮೇಷ್ಟ್ರ ಮೇಲೆ ಕೈ ಮಾಡಿದ ಎಂಬ ಸುದ್ದಿ ಬಿಸಿಯೂಟದ ಹೊತ್ತಿಗೆ ಊರಿಗೇ ಹಬ್ಬಿತ್ತು. ಚೀಲದಲ್ಲಿ ದುಡ್ಡು ಸಿಗಲಿಲ್ಲ. ಆ ಸಾವಿರ ರೂಪಾಯಿ ಏನಾಯಿತೆಂದು ಕೊನೆಗೂ ಗೊತ್ತಾಗಲಿಲ್ಲ, ಮಾನಿಟರ್ ಎಣಿಸಿದ್ದರಲ್ಲೇ ತಪ್ಪಿರಬಹುದು ಎಂದು ಕ್ಲಾಸ್ ಟೀಚರ್ ಆಮೇಲೆ ನನ್ನ ಹತ್ತಿರ ಹೇಳಿದರು.

ಚೀಲದಲ್ಲಿ ಏನಿತ್ತು ಅಂತ ಹುಡುಗ ನನಗೆ ಎರಡನೇ ಭೇಟಿಯಲ್ಲಿ ತೋರಿಸಿದ. ಕೈವಾರ ಇಲ್ಲದ ಜಾಮಿಟ್ರಿ ಬಾಕ್ಸು, ಒಂದೆರಡು ನೋಟ್ ಬುಕ್ಕು, ತಿನ್ನದೆ ಎತ್ತಿಟ್ಟ ಶೇಂಗಾ ಚಿಕ್ಕಿ. ಒಳ ಜೇಬಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ನಾಲ್ಕು ಮಡಿಕೆ ಮಡಿಸಿದ ಒಂದು ಕಾಗದ: ವಯಸ್ಸಿನ ದಾಖಲೆಗೆಂದು ಬಂದಿದ್ದ ಆ ದಾಖಲಾತಿ ವಹಿಯ ಪುಟ. ಬಾಲಮಂದಿರದ ಗುಮಾಸ್ತರು ಇವನು ಕೇಳಿದನೆಂದು ಒಂದು ಪ್ರತಿ ಕೊಟ್ಟಿದ್ದರಂತೆ. ತಾಯಿಯ ಹೆಸರು ಅಚ್ಚಾದ ಬೇರೆ ಕಾಗದ ಇವನ ಹತ್ತಿರ ಇರಲಿಲ್ಲ. ಬಾಲಮಂದಿರದಲ್ಲಿ ಬಟ್ಟೆ ಟ್ರಂಕು ಇಬ್ಬರಿಗೊಂದು, ಹಾಸಿಗೆ ಸರದಿ ಪ್ರಕಾರ ಬದಲಾಗುತ್ತದೆ. ಇನ್ನೊಬ್ಬರು ಕೈ ಹಾಕದ ಜಾಗ ಅಂತ ಇದ್ದದ್ದು ಆ ಶಾಲೆಯ ಚೀಲವೊಂದೇ. ರೈಲು ನಿಲ್ದಾಣದಲ್ಲಿ ಮಲಗಿದ್ದಾಗ ಚೀಲ ಎಳೆಯುವವರು ಯಾವ ಕಾರಣಕ್ಕೆ ಎಳೆಯುತ್ತಿದ್ದರು ಅನ್ನುವುದೂ ಅವನಿಗೆ ಚೆನ್ನಾಗಿ ಗೊತ್ತಿತ್ತು. ಇದರಿಂದ ಮೇಷ್ಟ್ರಿಗಾದ ಗಾಯ ಚಿಕ್ಕದಾಗುವುದಿಲ್ಲ. ಆದರೆ ‘ಒಳ್ಳೆ ಮಾತಲ್ಲಿ ಕೇಳಿದ್ರೂ ರೌಡಿ ಥರ ಆಡ್ದ’ ಎಂದು ಶಿಸ್ತು ಪುಸ್ತಕದಲ್ಲಿ ಬರೆದದ್ದು ಪೂರ್ತಿ ನಿಜವಲ್ಲ.

ಟಿಸಿ ಹೇಗೆ ತಯಾರಾಯಿತು

ಅವತ್ತು ಸಂಜೆ ಹೆಡ್‌ಮಾಸ್ಟರು ಅಧೀಕ್ಷಕರಿಗೆ ಫೋನ್ ಮಾಡಿ, ಬಿಸಿ ಆರುವ ತನಕ ಹುಡುಗನನ್ನು ಕಳಿಸಬೇಡಿ ಎಂದರು. ಲಿಖಿತ ಆದೇಶವಿಲ್ಲ, ಎಷ್ಟು ದಿನ ಎಂಬುದಿಲ್ಲ. ಹುಡುಗ ಬಾಲಮಂದಿರದ ಅಡುಗೆ ಮನೆಯಲ್ಲಿ ತರಕಾರಿ ಹೆಚ್ಚುತ್ತಾ ಕೂತ. ಶಾಲೆಯ ಹಾಜರಿ ಪುಸ್ತಕದಲ್ಲಿ ದಿನಾ ಗೈರು ಬೀಳುತ್ತಾ ಹೋಯಿತು. ಎರಡು ವಾರವಾದ ಮೇಲೆ ಮತ್ತೆ ಫೋನ್, ಶಾಲೆಯ ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಹೆಸರಿನಲ್ಲಿ: ‘ಎಸ್‌ಡಿಎಂಸಿಯವರು ಒಪ್ತಾ ಇಲ್ಲ. ನೀವೇ ಒಂದು ಅರ್ಜಿ ಕೊಟ್ಬಿಡಿ ಸರ್, ಬೇರೆ ಶಾಲೆಗೆ ಸೇರಿಸ್ಕೊಳ್ಳಿ. ಅವನ ರೆಕಾರ್ಡೂ ಹಾಳಾಗಲ್ಲ.’ ಅಧೀಕ್ಷಕರು ಕೊಟ್ಟರು.

ಅಧೀಕ್ಷಕರನ್ನು ಬೈಯುವುದು ಸುಲಭ. ನಾನೂ ಮೊದಲು ಸಿಟ್ಟಿನಲ್ಲೇ ಹೋದೆ. ಅವರು ಹೇಳಿದ್ದು ಇಷ್ಟು: ‘ಮೇಡಂ, ನನ್ನ ಇಪ್ಪತ್ತು ಚಿಲ್ಲರೆ ಮಕ್ಕಳು ಅದೇ ಶಾಲೇಲಿ ಓದ್ತಾವೆ. ಜೂನ್‌ನಲ್ಲಿ ಇನ್ನೊಂದಷ್ಟು ಸೇರಿಸ್ಬೇಕು. ಒಬ್ಬನಿಗೋಸ್ಕರ ಹೆಡ್‌ಮಾಸ್ಟ್ರ ಜೊತೆ ಜಗಳ ಆಡಿದ್ರೆ ಉಳಿದೋರ ಗತಿ?’ ಇಡೀ ಪ್ರಕರಣದ ಗಂಟು ಇಲ್ಲಿದೆ ಎಂದು ನನಗನ್ನಿಸಿದ್ದು ಈ ಮಾತು ಕೇಳಿದ ಮೇಲೆ. ಶಾಲೆಯ ಲೆಕ್ಕದಲ್ಲಿ ಈ ಹುಡುಗನ ಪೋಷಕ ಅಧೀಕ್ಷಕರೇ. ತಂದೆ ತಾಯಿಯಾದರೆ ತಮ್ಮ ಒಬ್ಬ ಮಗನ ಪರ ನಿಂತು ಕೂಗಾಡಬಲ್ಲರು. ಇಪ್ಪತ್ತು ಮಕ್ಕಳ ಪೋಷಕ ಒಬ್ಬನ ಪರ ಕೂಗಾಡಿದರೆ ಹತ್ತೊಂಬತ್ತು ಮಕ್ಕಳ ಬೆಲೆ ತೆರಬೇಕಾಗುತ್ತದೆ. ಮೇಜಿನ ಆಚೆ ಶಾಲೆ, ಈಚೆ ಶಾಲೆಯ ಮರ್ಜಿ ಕಾಯಬೇಕಾದವರು. ಹುಡುಗನ ಕಡೆಯವರು ಅಂತ ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

ವಿಷಯ ಹೊರಬಿದ್ದದ್ದು ಸಮಿತಿ ಮಕ್ಕಳನ್ನು ಕರೆಸಿ ವಿಚಾರಿಸುವ ದಿನ. ‘ಏನ್ ಓದ್ತಿದೀಯಪ್ಪ’ ಎಂದು ಸದಸ್ಯರೊಬ್ಬರು ಕೇಳಿದರೆ, ‘ಅಡಿಗಿ ಮನ್ಯಾಗ ಅದೀನ್ರಿ’ ಎಂದ.

ಹೆಡ್‌ಮಾಸ್ಟರ ವಾದ, ಕಾನೂನಿನ ಮಾತು

ಹೆಡ್‌ಮಾಸ್ಟರು ಸೌಜನ್ಯದವರೇ. ಕಾಫಿ ತರಿಸಿದರು. ಟಿಸಿ ಡ್ರಾಯರಿನಲ್ಲಿತ್ತು, ಬಂದು ತಗೊಂಡು ಹೋಗುವುದೊಂದೇ ಬಾಕಿ. ಅವರ ವಾದ ಹೀಗಿತ್ತು: ನಾವು ಅವನನ್ನು ತೆಗೆದುಹಾಕಿಲ್ಲ, ಅವರೇ ಟಿಸಿ ಕೇಳಿದ್ದಾರೆ. ಹಾಗೆ ನೋಡಿದರೂ ಆರ್‌ಟಿಇ ಪ್ರೈಮರಿ ಶಾಲೆಗೆ, ನಮ್ಮದು ಹೈಸ್ಕೂಲು. ಅದೂ ಬೇಡ, ಆರ್‌ಟಿಇ ಇರುವುದು ಹದಿನಾಲ್ಕು ವರ್ಷದವರೆಗೆ, ಅವನಿಗೀಗ ಹದಿನೈದು.

ಕೊನೆಯ ಎರಡು ಮಾತು ನಮ್ಮ ರಾಜ್ಯದಲ್ಲಿ ಬಹಳ ಕಡೆ ಕೇಳಿದ್ದೇನೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು. ಕಾಯ್ದೆಯ ಪ್ರಕಾರ ಪ್ರಾಥಮಿಕ ಶಿಕ್ಷಣ ಎಂದರೆ 1ರಿಂದ 8ನೇ ತರಗತಿ. ಕರ್ನಾಟಕದಲ್ಲಿ ಮೊದಲಿನಿಂದಲೂ 8, 9, 10 ಸೇರಿ ಹೈಸ್ಕೂಲು. ಹಾಗಾಗಿ 8ನೇ ತರಗತಿಯ ಮಗು ಕಾಯ್ದೆಯ ಒಳಗಿದ್ದರೂ, ಕೂತಿರುವ ಕಟ್ಟಡ ಕಾಯ್ದೆಯ ಹೊರಗಿದೆಯೆಂದು ಅಲ್ಲಿನವರು ಭಾವಿಸುತ್ತಾರೆ. ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ ಎನ್ನುವುದು 16ನೇ ಸೆಕ್ಷನ್. 2019ರ ತಿದ್ದುಪಡಿ 5 ಮತ್ತು 8ನೇ ತರಗತಿಯಲ್ಲಿ ಫೇಲ್ ಮಾಡುವುದಕ್ಕೆ ಅವಕಾಶ ಕೊಟ್ಟಿತು, ಹೊರಹಾಕುವುದಕ್ಕೆ ಕೊಡಲಿಲ್ಲ. ನಿರ್ಬಂಧ ಇರುವುದು ತರಗತಿಗೆ, ಕಟ್ಟಡದ ಹೆಸರಿಗಲ್ಲ.

ವಯಸ್ಸಿನ ವಾದಕ್ಕೆ ಉತ್ತರ ಇವನು ಶಾಲೆಗೆ ಸೇರಿದ ಸೆಕ್ಷನ್ನಿನಲ್ಲೇ ಇದೆ. ಶಾಲೆ ಬಿಟ್ಟು ತಡವಾಗಿ ಬಂದ ಮಗುವನ್ನು 4ನೇ ಸೆಕ್ಷನ್ನಿನಡಿ ಸೇರಿಸಿಕೊಂಡರೆ, ಹದಿನಾಲ್ಕು ದಾಟಿದ ಮೇಲೂ ಪ್ರಾಥಮಿಕ ಶಿಕ್ಷಣ ಮುಗಿಸುವ ತನಕ ಉಚಿತ ಶಿಕ್ಷಣ ಪಡೆಯುವ ಹಕ್ಕು ಅದಕ್ಕಿದೆ. ಬೀದಿಯಲ್ಲಿ ವರ್ಷ ಕಳೆದುಕೊಂಡು ಬಂದ ಮಕ್ಕಳಿಗೆಂದೇ ಇಟ್ಟ ಮಾತು ಅದು. ಪುಟ ತೆಗೆದು ತೋರಿಸಿದೆ. ಹೆಡ್‌ಮಾಸ್ಟರು ಎರಡು ಸಲ ಓದಿ, ‘ಇದನ್ನ ಯಾವ ಟ್ರೈನಿಂಗಲ್ಲೂ ಹೇಳಿಲ್ಲ ನೋಡಿ’ ಎಂದರು. ನಂಬುತ್ತೇನೆ.

ಮೊದಲನೆಯ ವಾದ, ‘ಅವರೇ ಕೇಳಿದ್ದು’ ಅನ್ನುವುದು, ಕಾಗದದ ಮಟ್ಟಿಗೆ ಗಟ್ಟಿಯಾಗಿತ್ತು. ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಟಿಸಿ ಕೇಳಿದರೆ ತಕ್ಷಣ ಕೊಡಬೇಕಾದ್ದು ಮುಖ್ಯೋಪಾಧ್ಯಾಯರ ಕರ್ತವ್ಯ. ಗುಳೆ ಹೋಗುವ ಕುಟುಂಬಗಳ ಮಕ್ಕಳು ಟಿಸಿಗಾಗಿ ಅಲೆಯಬಾರದೆಂದು ಬಂದ ಸೆಕ್ಷನ್ ಇದು. ಅದೇ ಮಕ್ಕಳನ್ನು ಹೊರಗೆ ಕಳಿಸಲು ಅದೇ ಸೆಕ್ಷನ್ ಬಳಕೆಯಾಗುತ್ತದೆ. ಹೊರಹಾಕಿದರೆ ಪ್ರಶ್ನೆ ಬರುತ್ತದೆ, ಟಿಸಿ ಕೊಟ್ಟರೆ ಬರುವುದಿಲ್ಲ.

ಇನ್ನೂ ಒಂದಿತ್ತು, 17ನೇ ಸೆಕ್ಷನ್: ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳದ ನಿಷೇಧ. ತರಗತಿಯ ಎದುರು ಬಾಲಮಂದಿರದ ಮೂವರನ್ನು ಮಾತ್ರ ನಿಲ್ಲಿಸಿ ಚೀಲ ತೆಗೆಸಿದ್ದು ಅದರಡಿ ಬರುತ್ತದೆ ಎಂದು ನನ್ನ ಅಭಿಪ್ರಾಯ. ವರದಿಯಲ್ಲಿ ಹಾಗೇ ಬರೆದೆ, ಆದರೆ ಪಿ.ಟಿ. ಮೇಷ್ಟ್ರ ಮೇಲೆ ಶಿಸ್ತುಕ್ರಮಕ್ಕೆ ಶಿಫಾರಸು ಮಾಡಲಿಲ್ಲ. ಹೊಡೆದಿರಲಿಲ್ಲ, ಪೊಲೀಸರಿಗೆ ದೂರು ಕೊಡಿ ಎಂದು ಬೇರೆಯವರು ಎಷ್ಟು ಹೇಳಿದರೂ ಕೊಟ್ಟಿರಲಿಲ್ಲ. ಕೊಟ್ಟಿದ್ದರೆ ಹುಡುಗ ಅಪರಾಧದ ಆರೋಪ ಹೊತ್ತ ಮಕ್ಕಳನ್ನು ವಿಚಾರಿಸುವ ಬಾಲ ನ್ಯಾಯ ಮಂಡಳಿಯ ಮುಂದೆ ನಿಲ್ಲಬೇಕಾಗುತ್ತಿತ್ತು. ನಾನು ಮೆತ್ತಗಾದೆ ಎಂದು ಜೊತೆಯ ಕೆಲವರು ಇವತ್ತಿಗೂ ಹೇಳುತ್ತಾರೆ. ನನಗೆ ಹುಡುಗ ಅದೇ ಶಾಲೆಯಲ್ಲಿ, ಅದೇ ಮೇಷ್ಟ್ರ ಮುಂದೆ ವಾಲಿಬಾಲ್ ಆಡಬೇಕಿತ್ತು.

32ನೇ ಸೆಕ್ಷನ್ನಿನಡಿ ಸ್ಥಳೀಯ ಪ್ರಾಧಿಕಾರಕ್ಕೆ ದೂರು ಕೊಡುವ ದಾರಿಯೂ ಇತ್ತು. ತೀರ್ಮಾನಕ್ಕೆ ಮೂರು ತಿಂಗಳು ಸಮಯ. ಅಷ್ಟರಲ್ಲಿ ಏಪ್ರಿಲ್ ಬಂದುಬಿಡುತ್ತಿತ್ತು.

ಎಲ್ಲಿ ಬೀಗ ಹಾಕಬೇಕು

ಸಮಿತಿ ಸೀದಾ ಶಾಲೆಗೆ ಆದೇಶ ಕಳಿಸಲಿ ಎಂದು ಒಂದು ಸಲಹೆ ಬಂತು. ಸಮಿತಿಗೆ ಪ್ರಥಮ ದರ್ಜೆ ಜುಡಿಷಿಯಲ್ ಮ್ಯಾಜಿಸ್ಟ್ರೇಟರ ಅಧಿಕಾರ ಇದೆ, ನಿಜ. ಆದರೆ ಶಿಕ್ಷಣ ಇಲಾಖೆಯ ಶಾಲೆಯ ಮೇಲೆ ಅದು ಎಷ್ಟು ನಡೆಯುತ್ತದೆ ಎಂಬ ವಾದಕ್ಕಿಳಿದರೆ ಕಡತ ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರ (ಡಿಡಿಪಿಐ) ಕಚೇರಿಗೂ ಸಮಿತಿಗೂ ನಡುವೆ ಓಡಾಡುತ್ತಾ ಕೂರುತ್ತದೆ. ಬಾಲಮಂದಿರದ ಮೇಲೆ ಸಮಿತಿಯ ಅಧಿಕಾರದ ಬಗ್ಗೆ ಮಾತ್ರ ಯಾರಿಗೂ ಅನುಮಾನವಿಲ್ಲ. ಪ್ರತಿ ಮಗುವಿಗೂ ವೈಯಕ್ತಿಕ ಆರೈಕೆ ಯೋಜನೆ ಇರಬೇಕು, ಅದರಲ್ಲಿ ಶಿಕ್ಷಣ ಒಂದು ಭಾಗ, ಅದನ್ನು ನೋಡಿಕೊಳ್ಳುವುದು ಸಮಿತಿಯ ಕೆಲಸ. ಶಾಲೆ ಬದಲಿಸುವುದೆಂದರೆ ಆ ಯೋಜನೆಯನ್ನೇ ಬದಲಿಸಿದಂತೆ. ಅಧೀಕ್ಷಕರು ತಾವೊಬ್ಬರೇ ಅದನ್ನು ಮಾಡಬಾರದಿತ್ತು.

ಹಾಗಾಗಿ ಆದೇಶ ಹೊರಟಿದ್ದು ಬಾಲಮಂದಿರಕ್ಕೆ: ಕೊಟ್ಟ ಅರ್ಜಿಯನ್ನು ವಾಪಸ್ ಪಡೆಯಬೇಕು, ಮುಂದೆ ಯಾವ ಮಗುವಿನ ಟಿಸಿಗೂ ಸಮಿತಿಯ ಲಿಖಿತ ಒಪ್ಪಿಗೆ ಇಲ್ಲದೆ ಅರ್ಜಿ ಕೊಡಬಾರದು, ಶಾಲೆ ಮಗುವನ್ನು ಒಂದು ದಿನವಾದರೂ ಬರಬೇಡ ಎಂದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅವತ್ತೇ ತಿಳಿಸಬೇಕು. ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಅವರಿಗೂ ಹೆಡ್‌ಮಾಸ್ಟರಿಗೂ ಮಾಹಿತಿಗಾಗಿ ಕಳಿಸಿದರು.

ಅಧೀಕ್ಷಕರಿಗೆ ಬೇಸರವಾಗಬಹುದು ಅಂದುಕೊಂಡಿದ್ದೆ. ಅವರ ಮುಖದಲ್ಲಿ ನಿರಾಳ ಕಂಡಿತು. ‘ಇನ್ಮೇಲೆ ಫೋನ್ ಬಂದ್ರೆ, ನನ್ನ ಕೈಲಿಲ್ಲ ಸರ್, ಸಮಿತಿ ಆರ್ಡರ್ ಬೇಕು ಅಂತ ಹೇಳ್ತೀನಿ ಬಿಡಿ’ ಎಂದರು.

ಹೊರದೇಶದ ಉದಾಹರಣೆ ಕೊಟ್ಟು ನಮ್ಮದನ್ನು ಹೀಗಳೆಯುವುದು ನನಗಿಷ್ಟವಿಲ್ಲ, ಆದರೆ ಇದೇ ಯೋಚನೆ ಅಮೆರಿಕದಲ್ಲಿ ಕಾನೂನಾಗಿಯೇ ಇದೆ. ಅಲ್ಲಿನ ಸುಪ್ರೀಂ ಕೋರ್ಟು 1975ರ ಗಾಸ್ ವಿರುದ್ಧ ಲೋಪೆಜ್ ಪ್ರಕರಣದಲ್ಲಿ, ಹತ್ತು ದಿನದೊಳಗಿನ ಸಸ್ಪೆನ್ಷನ್ನಿಗೂ ಆರೋಪ ಏನೆಂದು ವಿದ್ಯಾರ್ಥಿಗೆ ತಿಳಿಸಿ, ಅವನ ಮಾತು ಕೇಳಬೇಕು ಎಂದಿತು. ಮನೆಯಿಲ್ಲದ ವಿದ್ಯಾರ್ಥಿಗಳಿಗಾಗಿ 1987ರಲ್ಲಿ ಬಂದ ಮೆಕಿನ್ನಿ-ವೆಂಟೋ ಕಾಯ್ದೆಯಡಿ ಪ್ರತಿ ಶಾಲಾ ಜಿಲ್ಲೆಯಲ್ಲೂ ಈಗ ಅವರಿಗೆಂದೇ ಒಬ್ಬ ಸಂಪರ್ಕಾಧಿಕಾರಿ ಇರಬೇಕು. ಕ್ಯಾಲಿಫೋರ್ನಿಯಾದಲ್ಲಿ 2023ರಿಂದ, ಪೋಷಕ ಕುಟುಂಬದ ಆಸರೆಯಲ್ಲಿರುವ ಮಗುವನ್ನು ಸಸ್ಪೆಂಡ್ ಮಾಡಿದರೆ ಮಗುವಿನ ವಕೀಲರಿಗೂ ಕೌಂಟಿಯ ಸಮಾಜ ಕಾರ್ಯಕರ್ತರಿಗೂ ಶಾಲೆ ತಿಳಿಸಲೇಬೇಕು. ಸಾಕುವವರಿಗೆ ಮಾತ್ರ ಹೇಳಿದರೆ ಸಾಲದು, ಮಗುವಿನ ಪರ ಮಾತಾಡುವವರಿಗೂ ಗೊತ್ತಾಗಬೇಕು ಎನ್ನುವುದು ತತ್ವ. ನಮ್ಮಲ್ಲಿ ಅದನ್ನು ಒಂದು ಸಮಿತಿ ಒಂದು ಬಾಲಮಂದಿರಕ್ಕೆ ಬರೆದ ಆದೇಶದಿಂದ ಮಾಡಬೇಕಾಯಿತು.

ವಾಪಸ್ ಶಾಲೆಗೆ

ಹುಡುಗ ಹೋಗುವ ಮುನ್ನ ಶಾಲೆಯಲ್ಲೊಂದು ಸಭೆ ಆಯಿತು. ರಕ್ಷಣಾ ಘಟಕದ ಕಾನೂನು ಹಾಗೂ ಪರಿವೀಕ್ಷಣಾಧಿಕಾರಿ ಹುಡುಗನ ಪಕ್ಕದ ಕುರ್ಚಿಯಲ್ಲಿ ಕೂತರು, ಅವನ ಕಡೆಯವರಾಗಿ. ಅಧೀಕ್ಷಕರು ಬೇರೆ ಕೂತರು. ಹುಡುಗ ಪಿ.ಟಿ. ಮೇಷ್ಟ್ರ ಹತ್ತಿರ ‘ತಪ್ಪಾತ್ರಿ’ ಎಂದ. ಮೇಷ್ಟ್ರು ಮೊಣಕೈ ತೋರಿಸಿ, ‘ನಂಗೂ ಎರಡು ಮಕ್ಕಳಿದಾವೆ ಕಣೋ’ ಅಂದರು. ಅದು ಕ್ಷಮೆಯೋ ಆಕ್ಷೇಪವೋ ನನಗೆ ತಿಳಿಯಲಿಲ್ಲ. ಎಸ್‌ಡಿಎಂಸಿ ಅಧ್ಯಕ್ಷರು ಗಾಜಿನ ದುಡ್ಡು ಯಾರು ಕೊಡುತ್ತಾರೆ ಎಂದು ಮೂರು ಸಲ ಕೇಳಿದರು. ಕೊನೆಗೆ ಹೆಡ್‌ಮಾಸ್ಟರು ಶಾಲಾ ಅನುದಾನದಲ್ಲಿ ನೋಡಿಕೊಳ್ಳುತ್ತೇನೆ ಎಂದು ಆ ಮಾತು ಮುಗಿಸಿದರು. ಇನ್ನು ಮೇಲೆ ಚೀಲ ನೋಡುವುದಿದ್ದರೆ ಇಡೀ ತರಗತಿಯದು ನೋಡಬೇಕು, ಬಾಲಮಂದಿರದವರು ಅಂತ ಬೇರೆ ನಿಲ್ಲಿಸಬಾರದು ಎಂದು ನಡಾವಳಿಯಲ್ಲಿ ಬರೆಸಿದೆವು. ಡೈರಿಗೆ ಸಂಜೆ ಪಾಳಿಯ ಕೇರ್‌ಟೇಕರ್ ಸಹಿ ಹಾಕುವುದು ಎಂದೂ ಆಯಿತು. ಇಷ್ಟು ಸಣ್ಣ ವಿಷಯ ಅದಕ್ಕೆ ಮೊದಲು ಯಾರಿಗೂ ಹೊಳೆದಿರಲಿಲ್ಲ.

ಎಲ್ಲ ಸರಿಹೋಯಿತು ಎಂದೇನಲ್ಲ. ಮಾರ್ಚ್‌ನಲ್ಲಿ ಬಿಸಿಯೂಟದ ಸಾಲಿನಲ್ಲಿ ಇನ್ನೊಬ್ಬನ ಜೊತೆ ಹೊಡೆದಾಡಿಕೊಂಡ. ಈ ಸಲ ಹೆಡ್‌ಮಾಸ್ಟರು ಘಟಕಕ್ಕೆ ಫೋನ್ ಮಾಡಿದರು, ಅರ್ಧ ಗಂಟೆಯಲ್ಲಿ ಒಬ್ಬರು ಹೋಗಿ ಕೂತು ಮಾತಾಡಿ ಬಂದರು, ಮಾರನೇ ದಿನ ಇಬ್ಬರೂ ತರಗತಿಯಲ್ಲಿದ್ದರು. ಮೂರು ವಾರದ ಗೈರು ಅವನ ಗಣಿತಕ್ಕೆ ಮಾಡಿದ ಹಾನಿ ಮಾತ್ರ ವರ್ಷದ ಕೊನೆವರೆಗೂ ತುಂಬಲಿಲ್ಲ.

ತಾಯಿ ಮೇ ತಿಂಗಳಲ್ಲಿ ಸಿಕ್ಕಳು, ದಾಖಲಾತಿ ವಹಿಯ ಪುಟದಲ್ಲಿದ್ದ ಹೆಸರು ಹಿಡಿದು ಊರಿನವರನ್ನು ವಿಚಾರಿಸಿದ ಮೇಲೆ. ಬೆಂಗಳೂರಿನ ಹೊರವಲಯದ ಒಂದು ಸೈಟಿನ ಶೆಡ್ಡಿನಲ್ಲಿದ್ದಾಳೆ. ಮಗನನ್ನು ಕರೆದುಕೊಂಡು ಹೋಗುತ್ತೇನೆ ಎಂದಳು. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4,000 ರೂಪಾಯಿ ಸಿಗುವ ಅವಕಾಶ ಇದೆ, ವಿಧವೆಯ ಮಗ ಎಂಬುದರಿಂದ ಅರ್ಹತೆಯೂ ಇದೆ. ಆದರೆ ಆ ದುಡ್ಡಿಗೆ ಬೆಂಗಳೂರಿನಲ್ಲಿ ಬಾಡಿಗೆ ಮನೆ ಸಿಗುವುದಿಲ್ಲ, ಶೆಡ್ಡು ಯಾವಾಗ ಕೀಳುತ್ತದೋ ಗೊತ್ತಿಲ್ಲ. 10ನೇ ತರಗತಿ ಮುಗಿಯುವ ತನಕ ಬಾಲಮಂದಿರದಲ್ಲೇ ಇರಲಿ, ರಜೆಗೆ ಕಳಿಸಿ ಎಂದು ತಾಯಿ, ಮಗ, ಸಮಿತಿ ಮೂವರೂ ಒಪ್ಪಿದರು.

ಅವನು ಈಗ 9ನೇ ತರಗತಿ. 16ನೇ ಸೆಕ್ಷನ್ನಿನ ರಕ್ಷಣೆ 8ಕ್ಕೆ ಮುಗಿಯಿತು. ಈಗ ಶಾಲೆ ಟಿಸಿ ಬರೆಯಬಾರದು ಎನ್ನಲು ನಮ್ಮ ಹತ್ತಿರ ಉಳಿದಿರುವುದು ಅವನ ಆರೈಕೆ ಯೋಜನೆ ಮತ್ತು ಬಾಲಮಂದಿರದ ಮೇಲಿನ ಆ ಆದೇಶ, ಎರಡೇ. ಆದೇಶ ಹೊರಟ ಮೇಲೆ ಸಮಿತಿ ಹಿಂದಿನ ಎರಡು ವರ್ಷದ ಕಡತ ತೆಗೆಸಿತು. ‘ಪೋಷಕರ ಕೋರಿಕೆಯ ಮೇರೆಗೆ’ ಎಂದು ಬರೆದ ಇನ್ನೆರಡು ಟಿಸಿ ಸಿಕ್ಕವು, ಎರಡೂ 8ನೇ ತರಗತಿಯ ಹುಡುಗರವು. ಒಬ್ಬನನ್ನು ಮುಕ್ತ ಶಾಲೆಯ ಪರೀಕ್ಷೆಗೆ ಕೂರಿಸಲು ಓಡಾಟ ನಡೆದಿದೆ. ಇನ್ನೊಬ್ಬ ಬೇರೆ ಜಿಲ್ಲೆಯ ಬಾಲಮಂದಿರಕ್ಕೆ ವರ್ಗವಾಗಿ, ಅಲ್ಲಿಂದ ಹೊರಬಿದ್ದು, ಗ್ಯಾರೇಜೊಂದರಲ್ಲಿ ಕೆಲಸಕ್ಕಿದ್ದಾನೆಂದು ಅಲ್ಲಿನ ಘಟಕದಿಂದ ಉತ್ತರ ಬಂದಿದೆ.